ಒಂದು ಕಲ್ಲು, ಹಲವು ಶಾಸ್ತ್ರಗಳು



ಇಂದಿನ ಮಾತಿನ ವಿಷಯ ಅಂತರ್‌ಶಿಸ್ತೀಯ ಸಂಶೋಧನೆ. ಹೆಸರು ಸ್ವಲ್ಪ ಭಾರ. ಅರ್ಥ ಸರಳ. ಸಾಹಿತ್ಯ ಓದಿದವರು ಚರಿತ್ರೆಯ ಆಕರಗಳನ್ನು ಹುಡುಕುತ್ತಾರೆ. ಚರಿತ್ರೆ ಓದಿದವರು ಕುರಿಗಾಹಿಗಳ ಹಾಡು ಕೇಳಲು ಹೋಗುತ್ತಾರೆ. ಗಣಿತ ಓದಿದವರು ಹಳೆಯ ನಾಣ್ಯಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಒಂದು ಪ್ರಶ್ನೆಯ ಬೆನ್ನು ಹತ್ತಿ ತಮ್ಮ ಶಾಸ್ತ್ರದ ಗಡಿ ದಾಟುತ್ತಾರೆ. ಅದೇ ಅಂತರ್‌ಶಿಸ್ತೀಯ ಸಂಶೋಧನೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ವಿಭಾಗಗಳನ್ನು ಮಾಡಿಕೊಂಡವರು ನಾವು. ಮನುಷ್ಯನ ಬದುಕು ಹಾಗೆ ವಿಭಾಗಗಳಲ್ಲಿ ನಡೆಯುವುದಿಲ್ಲ. ಆದ್ದರಿಂದ ಬದುಕಿನ ಬಗ್ಗೆ ಕೇಳುವ ದೊಡ್ಡ ಪ್ರಶ್ನೆ ಯಾವುದಕ್ಕೂ ಒಂದೇ ವಿಭಾಗದಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ.

ಈ ಮಾತನ್ನು ಬರಿದೆ ಹೇಳಿದರೆ ಸಾಲದು. ಅದಕ್ಕೆ ನಮ್ಮ ನಾಡಿನ ಒಂದು ವಸ್ತುವನ್ನೇ ಆರಿಸಿಕೊಂಡಿದ್ದೇನೆ. ಅದು ವೀರಗಲ್ಲು.

ವೀರಗಲ್ಲನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹಳೆಯ ಗುಡಿಯ ಅಂಗಳದಲ್ಲಿ ಅದು ನಿಂತಿರುತ್ತದೆ. ಕಾಣದವರಿಗಾಗಿ ಅದರ ರೂಪ ಹೇಳುತ್ತೇನೆ. ಒಂದು ನೀಳವಾದ ಕಲ್ಲಿನ ಚಪ್ಪಡಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಿನ ಅಂತಸ್ತಿನಲ್ಲಿ ಕಾಳಗ. ವೀರನೊಬ್ಬ ಬಿಲ್ಲು ಅಥವಾ ಕತ್ತಿ ಹಿಡಿದು ಹೋರಾಡುತ್ತಿದ್ದಾನೆ. ಕೆಲವು ಕಲ್ಲುಗಳಲ್ಲಿ ಪಕ್ಕದಲ್ಲಿ ದನಗಳ ಸಾಲು. ನಡುವಿನ ಅಂತಸ್ತಿನಲ್ಲಿ ಅಪ್ಸರೆಯರು. ಸತ್ತ ವೀರನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಸ್ವರ್ಗ. ವೀರ ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಕೆಲವೆಡೆ ಲಿಂಗದ ಜಾಗದಲ್ಲಿ ಜಿನಬಿಂಬ. ಅಂತಸ್ತುಗಳ ನಡುವಣ ಪಟ್ಟಿಯಲ್ಲಿ ಒಮ್ಮೊಮ್ಮೆ ಬರಹವಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಒಂದಕ್ಷರವೂ ಇರುವುದಿಲ್ಲ.

ಕನ್ನಡನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು. ಇವುಗಳ ಬರಹ ಮೊದಲು ದೊಡ್ಡ ಪ್ರಮಾಣದಲ್ಲಿ ಅಚ್ಚಾದದ್ದು ಶಾಸನತಜ್ಞ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ. 1886ರಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಹನ್ನೆರಡು ಸಂಪುಟಗಳು ಬಂದವು. ಅವುಗಳಲ್ಲಿ ಎಲ್ಲ ಬಗೆಯವೂ ಸೇರಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಆಕರ ಕೈಗೆ ಸಿಕ್ಕಿತು. ಮುಂದಿನ ಪ್ರಶ್ನೆ, ಅದನ್ನು ಓದುವುದು ಹೇಗೆ?

ಒಂದೇ ಒಂದು ಕಲ್ಲನ್ನು ತೆಗೆದುಕೊಳ್ಳೋಣ. ಅದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 950ರ ಆಸುಪಾಸು. ಅದರ ಮೇಲೆ ಕೆತ್ತಿರುವುದು ಒಂದು ನಾಯಿ ಮತ್ತು ಒಂದು ಹಂದಿಯ ಹೋರಾಟ.

ಕಥೆ ಹೀಗಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಅವನ ಪಕ್ಷದಲ್ಲಿ ಗಂಗ ದೊರೆ ಬೂತುಗನಿದ್ದ. ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದ. ಚೋಳ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಮಣಲೇರನ ಶೌರ್ಯಕ್ಕೆ ಬೂತುಗ ಮೆಚ್ಚಿದ. ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಸತ್ತವು. ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು. ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಆ ಭೂಮಿಯ ಫಲ ಉಣ್ಣುವವರಿಗೆ ಪಾಪ ತಟ್ಟಲಿ ಎಂದು ಬರೆಸಿದರು.

ಈಗ ನೋಡಿ. ಈ ಒಂದು ಕಲ್ಲಿನ ಮುಂದೆ ಬೇರೆ ಬೇರೆ ವಿದ್ವಾಂಸರನ್ನು ನಿಲ್ಲಿಸೋಣ. ರಾಜಕೀಯ ಚರಿತ್ರೆಕಾರರಿಗೆ ಇದು ತಕ್ಕೋಲದ ಯುದ್ಧಕ್ಕೆ ಸಮಕಾಲೀನ ಸಾಕ್ಷಿ. ಭಾಷಾಶಾಸ್ತ್ರಜ್ಞರಿಗೆ ಹತ್ತನೆಯ ಶತಮಾನದ ಕನ್ನಡದ ಕಾಲ ಗುರುತಾದ ಮಾದರಿ. ಅರ್ಥಶಾಸ್ತ್ರಜ್ಞರು ಬಿಟ್ಟ ಭೂಮಿಯ ಬಗ್ಗೆ ಕೇಳುತ್ತಾರೆ. ಅದು ಯಾರದು, ಅದರ ಆದಾಯ ಯಾರಿಗೆ? ಧರ್ಮದ ಅಧ್ಯಯನ ಮಾಡುವವರಿಗೆ ನಾಯಿಯ ಕಲ್ಲಿಗೆ ಪೂಜೆ ಸಲ್ಲುವುದೇ ಮುಖ್ಯ ಸಂಗತಿ. ಸಮಾಜಶಾಸ್ತ್ರಜ್ಞರ ಪ್ರಶ್ನೆ ಬೇರೆ. ಯುದ್ಧ ಗೆದ್ದ ಭಂಟ ಊರು ಕೇಳದೆ ದೊರೆಯ ನಾಯಿಯನ್ನು ಕೇಳಿದನಲ್ಲ, ಒಡೆಯನಿಗೂ ಆಳಿಗೂ ನಡುವೆ ಇದ್ದ ಸಂಬಂಧ ಎಂಥದು?

ಇವರಲ್ಲಿ ಯಾರೊಬ್ಬರ ಉತ್ತರವೂ ತಪ್ಪಲ್ಲ. ಯಾರೊಬ್ಬರ ಉತ್ತರವೂ ಪೂರ್ತಿಯಲ್ಲ. ತಕ್ಕೋಲವನ್ನು ಬಿಟ್ಟರೆ ನಾಯಿಯ ಕಥೆಗೆ ಹಿನ್ನೆಲೆಯಿಲ್ಲ. ನಾಯಿಯನ್ನು ಬಿಟ್ಟರೆ ತಕ್ಕೋಲ ಬರಿಯ ಇಸವಿಯಾಗಿ ಉಳಿಯುತ್ತದೆ.

ಇಷ್ಟರವರೆಗೆ ಒಂದು ಕಲ್ಲು ಎಷ್ಟು ಶಾಸ್ತ್ರಗಳನ್ನು ಕರೆಯುತ್ತದೆ ಎಂದು ನೋಡಿದೆವು. ಇನ್ನು ಆ ಕರೆಗೆ ಓಗೊಟ್ಟವರ ಮಾತಿಗೆ ಬರೋಣ.

ಮೊದಲ ಹೆಸರು ಎಂ. ಚಿದಾನಂದಮೂರ್ತಿ. ಅವರು ಕನ್ನಡ ಸಾಹಿತ್ಯದ ವಿದ್ಯಾರ್ಥಿ. ಅವರ ಮಹಾಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಪುಸ್ತಕವಾಗಿ ಬಂದದ್ದು 1966ರಲ್ಲಿ. ಶಾಸನವೆಂದರೆ ರಾಜರ ವಂಶಾವಳಿ ಎಂದು ಓದುವುದು ಆಗಿನ ರೂಢಿ. ಯಾವ ದೊರೆ, ಯಾವ ಇಸವಿ, ಯಾವ ಯುದ್ಧ ಎಂದು ಗುರುತು ಮಾಡಿದರೆ ಕೆಲಸ ಮುಗಿಯಿತು. ಚಿದಾನಂದಮೂರ್ತಿಯವರು ಅದೇ ಶಾಸನಗಳಿಗೆ ಬೇರೆ ಪ್ರಶ್ನೆ ಕೇಳಿದರು. ಜನ ಏನನ್ನು ನಂಬುತ್ತಿದ್ದರು? ಯಾವುದಕ್ಕಾಗಿ ಸಾಯಲು ಸಿದ್ಧರಿದ್ದರು? ಸತ್ತವರ ಮನೆಯವರಿಗೆ ಏನು ಸಿಗುತ್ತಿತ್ತು?

ಆ ಪ್ರಶ್ನೆಗಳಿಂದ ಒಂದು ಸಮಾಜವೇ ಎದ್ದು ಬಂತು. ದನಗಳನ್ನು ಹೊಡೆದುಕೊಂಡು ಹೋಗುವವರ ವಿರುದ್ಧ ಕಾದುವುದು ತುರುಗೋಳು. ಊರು ಹಾಳಾಗುವಾಗ ಹೋರಾಡುವುದು ಊರಳಿವು. ಹೆಣ್ಣಿನ ಮೊರೆ ಕೇಳಿ ಕಾದುವುದು ಪೆಣ್ಬುಯ್ಯಲ್. ಸತ್ತವನ ಕುಟುಂಬಕ್ಕೆ ಕೊಡುವ ಭೂಮಿ ನೆತ್ತರುಗೊಡಗೆ. ಒಡೆಯನಿಗಾಗಿ ಪ್ರಾಣ ಕೊಡುತ್ತೇನೆಂದು ಪ್ರತಿಜ್ಞೆ ಮಾಡುವುದು ವೇಳೆವಾಳಿ. ಉಂಡ ಅನ್ನದ ಋಣ ತೀರಿಸುವುದು ಜೋಳವಾಳಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಕವಿ ಪಂಪ ತನ್ನ ಭಾರತವನ್ನು ಬರೆದು ಮುಗಿಸಿದ್ದು 941ರಲ್ಲಿ. ಆತಕೂರಿನ ಕಲ್ಲು ನಿಂತದ್ದು ಅದಾದ ಹತ್ತು ವರ್ಷದೊಳಗೆ. ಪಂಪನ ಆಶ್ರಯದಾತ ಅರಿಕೇಸರಿಯೂ ಬೂತುಗನೂ ರಾಷ್ಟ್ರಕೂಟರ ಸಾಮಂತರೇ. ಪಂಪನ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡುವುದಿಲ್ಲ. ಕಾವ್ಯವನ್ನಷ್ಟೇ ಓದಿದರೆ ಅದು ಒಬ್ಬ ಮಹಾವ್ಯಕ್ತಿಯ ಗುಣ. ಕಲ್ಲುಗಳನ್ನೂ ಓದಿದರೆ ಅದು ಒಂದು ಕಾಲದ ಧರ್ಮ. ಊರಿನ ಸಾಮಾನ್ಯ ಭಂಟನೂ ಅದೇ ಧರ್ಮಕ್ಕೆ ತಲೆಗೊಟ್ಟಿದ್ದ. ಹೀಗೆ ಕಾವ್ಯ ಕಲ್ಲಿಗೆ ಅರ್ಥ ಕೊಡುತ್ತದೆ. ಕಲ್ಲು ಕಾವ್ಯಕ್ಕೆ ಸಾಕ್ಷಿ ಕೊಡುತ್ತದೆ.

ಚಿದಾನಂದಮೂರ್ತಿಯವರು ಸಾಹಿತ್ಯದಿಂದ ಸಮಾಜದ ಕಡೆಗೆ ನಡೆದರು. ಇನ್ನೊಬ್ಬರು ಚರಿತ್ರೆಯಿಂದ ಹೊರಟು ಸಾವಿನ ತತ್ತ್ವದವರೆಗೆ ಹೋದರು. ಅವರು ಷ. ಶೆಟ್ಟರ್.

ಶೆಟ್ಟರ್ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. ಅವರ ಪ್ರಶ್ನೆ ಹೀಗಿತ್ತು. ಮನುಷ್ಯ ತಾನಾಗಿ ಸಾವನ್ನು ಏಕೆ ಬರಮಾಡಿಕೊಳ್ಳುತ್ತಾನೆ? ಅದಕ್ಕೆ ಉತ್ತರ ಹುಡುಕುತ್ತ ಅವರು ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋದರು. ಅಲ್ಲಿ ಏಳನೆಯ ಶತಮಾನದಷ್ಟು ಹಿಂದಿನ ಬರಹಗಳಿವೆ. ಆಹಾರ ಬಿಟ್ಟು ಸಲ್ಲೇಖನದಿಂದ ದೇಹ ತೊರೆದ ಜೈನ ಸಾಧಕರ ನೆನಪು ಅವು. ನಿಸಿಧಿ ಎಂದು ಅವುಗಳ ಹೆಸರು. ಬರಹ ಓದಲು ಲಿಪಿಜ್ಞಾನ ಬೇಕು. ಬೆಟ್ಟದ ಕಟ್ಟಡಗಳನ್ನು ಅರಿಯಲು ಕಲೆಯ ಚರಿತ್ರೆ ಬೇಕು. ವ್ರತವನ್ನು ಅರಿಯಲು ಜೈನ ಗ್ರಂಥಗಳ ಓದು ಬೇಕು. ಇವೆಲ್ಲವನ್ನೂ ಅವರು ಕಲಿತರು. ‘ಸಾವಿಗೆ ಆಹ್ವಾನ’ ಮತ್ತು ‘ಸಾವನ್ನು ಅರಸಿ’ ಎಂಬ ಕೃತಿಗಳಲ್ಲಿ ಆ ದುಡಿಮೆಯ ಫಲವಿದೆ.

ಶೆಟ್ಟರ್ ಜೊತೆಗೆ ಹೇಳಬೇಕಾದ ಮತ್ತೊಂದು ಹೆಸರು ಗುಂಥರ್ ಸೊಂಥೈಮರ್. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ವಿದ್ವಾಂಸರು. ಹಿಂದೂ ಅವಿಭಕ್ತ ಕುಟುಂಬದ ಕಾನೂನು ಅವರ ಅಧ್ಯಯನದ ಒಂದು ವಿಷಯ. ಇನ್ನೊಂದು ವಿಷಯ ಮಹಾರಾಷ್ಟ್ರದ ಧನಗರ ಕುರಿಗಾಹಿಗಳು. ಅವರೊಡನೆ ಓಡಾಡಿ, ಅವರ ಹಾಡು ಕಥೆಗಳನ್ನು ಕೇಳಿ, ಅವರ ದೇವರುಗಳ ಬಗ್ಗೆ ಸೊಂಥೈಮರ್ ಪುಸ್ತಕ ಬರೆದರು. ಖಂಡೋಬ, ಬೀರೋಬ ಮುಂತಾದ ದೇವರುಗಳು ಅಲ್ಲಿ ಬರುತ್ತಾರೆ.

ಈ ಇಬ್ಬರು ಸೇರಿ 1982ರಲ್ಲಿ ಸ್ಮಾರಕ ಶಿಲೆಗಳ ಬಗ್ಗೆ ಒಂದು ಗ್ರಂಥವನ್ನು ಸಂಪಾದಿಸಿದರು. ಧಾರವಾಡ ಮತ್ತು ಹೈಡೆಲ್‌ಬರ್ಗ್ ಎರಡೂ ಕಡೆಯ ಸಂಸ್ಥೆಗಳು ಅದಕ್ಕೆ ಕೈಜೋಡಿಸಿದವು. ಭಾರತದ ಹಲವು ಪ್ರದೇಶಗಳ ಕಲ್ಲುಗಳನ್ನು ಕುರಿತ ಲೇಖನಗಳು ಅಲ್ಲಿ ಒಟ್ಟಿಗಿವೆ. ಚರಿತ್ರೆಕಾರರ ಕಣ್ಣಿಗೆ ಕಲ್ಲು ಹಿಂದಿನ ಕಾಲದ್ದು. ಮಾನವಶಾಸ್ತ್ರಜ್ಞರ ಕಣ್ಣಿಗೆ ಅದು ಇಂದಿನದೂ ಹೌದು. ಇಂದಿಗೂ ಎಷ್ಟೋ ಊರುಗಳಲ್ಲಿ ವೀರಗಲ್ಲಿಗೆ ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ, ಎಡೆ ಇಡುತ್ತಾರೆ. ಸತ್ತ ಮನುಷ್ಯ ಊರಿನ ದೇವರಾಗುವುದು ಹೇಗೆ ಎಂಬ ಪ್ರಶ್ನೆಗೆ ಶಾಸನ ಅರ್ಧ ಉತ್ತರ ಕೊಡುತ್ತದೆ. ಉಳಿದ ಅರ್ಧ ಪೂಜೆ ಮಾಡುವವರ ಬಾಯಲ್ಲಿದೆ.

ಇಲ್ಲಿಯವರೆಗೆ ನಾವು ಕಂಡದ್ದನ್ನು ಒಟ್ಟುಮಾಡೋಣ. ಸಾಹಿತ್ಯದವರು ಸಮಾಜವನ್ನು ಕೇಳಿದರು. ಚರಿತ್ರೆಯವರು ತತ್ತ್ವವನ್ನು ಕೇಳಿದರು. ಕಾನೂನು ಬಲ್ಲವರು ಕುರಿಗಾಹಿಗಳನ್ನು ಕೇಳಿದರು. ಮೂವರೂ ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಒಳಗೇ ಓಡಾಡಿದರು. ಹಾಗಾದರೆ ಗಣಿತ, ಜೀವವಿಜ್ಞಾನಗಳಿಗೆ ಇಲ್ಲಿ ಕೆಲಸವಿಲ್ಲವೇ? ಇದೆ.

ಡಿ. ಡಿ. ಕೋಸಂಬಿಯವರನ್ನು ನೆನೆಯಿರಿ. 1907ರಲ್ಲಿ ಗೋವಾದಲ್ಲಿ ಹುಟ್ಟಿದ ಗಣಿತಜ್ಞ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಪ್ರಾಚೀನ ಭಾರತದ ಅತಿ ಹಳೆಯ ಬೆಳ್ಳಿ ನಾಣ್ಯಗಳ ಮೇಲೆ ದೊರೆಯ ಹೆಸರಿಲ್ಲ, ಇಸವಿಯಿಲ್ಲ. ಮುದ್ರೆಯೊತ್ತಿದ ಗುರುತುಗಳಷ್ಟೇ ಇವೆ. ಅವುಗಳ ಕಾಲವನ್ನು ಹೇಳುವುದು ಹೇಗೆ? ಕೋಸಂಬಿ ಸಾವಿರಾರು ನಾಣ್ಯಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ನಾಣ್ಯ ಕೈಯಿಂದ ಕೈಗೆ ದಾಟಿದಷ್ಟೂ ಸವೆಯುತ್ತದೆ. ಸವೆದಷ್ಟೂ ತೂಕ ಇಳಿಯುತ್ತದೆ. ಒಂದೊಂದು ನಾಣ್ಯದ ಲೆಕ್ಕದಿಂದ ಏನೂ ತಿಳಿಯದು. ಇಡೀ ರಾಶಿಯ ಲೆಕ್ಕವನ್ನು ಸಂಖ್ಯಾಶಾಸ್ತ್ರದಿಂದ ನೋಡಿದರೆ ಯಾವ ಗುಂಪು ಹೆಚ್ಚು ಕಾಲ ಚಲಾವಣೆಯಲ್ಲಿತ್ತು ಎಂದು ತಿಳಿಯುತ್ತದೆ. ಅದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಸಿಗುತ್ತದೆ.

ಇದೇ ಕೋಸಂಬಿ ಪುಣೆಯ ಸುತ್ತಲಿನ ಗುಡ್ಡಗಳಲ್ಲಿ ನಡೆದು ಶಿಲಾಯುಗದ ಸಣ್ಣ ಕಲ್ಲಿನ ಉಪಕರಣಗಳನ್ನು ಹುಡುಕಿದರು. ಊರ ಹೊರಗಿನ ದೇವತೆಗಳ ಬಗ್ಗೆ ಬರೆದರು. ಭರ್ತೃಹರಿಯ ಸುಭಾಷಿತಗಳನ್ನು ಹಸ್ತಪ್ರತಿಗಳ ಆಧಾರದಿಂದ ಸಂಪಾದಿಸಿದರು. ಭಾರತದ ಅಧ್ಯಯನಕ್ಕೆ ಒಂದೇ ವಿಧಾನ ಸಾಲದು, ಹಲವು ವಿಧಾನಗಳು ಕೂಡಬೇಕು ಎಂದು 1963ರಲ್ಲಿ ಒಂದು ಲೇಖನದಲ್ಲಿ ವಾದಿಸಿದರು.

ಜೀವವಿಜ್ಞಾನದ ಉದಾಹರಣೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಮಾನವಶಾಸ್ತ್ರಜ್ಞ ಕೆ. ಸಿ. ಮಲ್ಹೋತ್ರ ಸೇರಿ ಗವಳಿ ಧನಗರರನ್ನು ಅಧ್ಯಯನ ಮಾಡಿದರು. ಅವರ ಲೇಖನವೂ ಬಂದದ್ದು 1982ರಲ್ಲಿಯೇ. ಪಶುಪಾಲಕ ಸಮುದಾಯವೊಂದು ಯಾವ ಬೆಟ್ಟ, ಯಾವ ಮೇವು, ಎಷ್ಟು ಮಳೆಯನ್ನು ನಂಬಿ ಬದುಕುತ್ತದೆ ಎಂದು ಕೇಳಿದರೆ ಜಾತಿಯ ಚರಿತ್ರೆಯೂ ಪರಿಸರದ ಚರಿತ್ರೆಯೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಇದೇ ಪ್ರಶ್ನೆಯನ್ನು ತುರುಗೋಳಿನ ಕಲ್ಲುಗಳಿಗೆ ಕೇಳಿ ನೋಡಬೇಕು. ಆ ಕಲ್ಲುಗಳನ್ನೆಲ್ಲ ಭೂಪಟದಲ್ಲಿ ಗುರುತಿಸೋಣ. ಹುಲ್ಲುಗಾವಲು ಎಲ್ಲಿತ್ತು, ಮಳೆ ಎಲ್ಲಿ ಕಡಿಮೆ, ಗಡಿ ಎಲ್ಲಿತ್ತು ಎಂದು ಪಕ್ಕದಲ್ಲಿ ಬರೆಯೋಣ. ದನ ಕದಿಯುವ ಕಾಳಗಗಳು ಎಲ್ಲಿ ಹೆಚ್ಚು, ಏಕೆ ಹೆಚ್ಚು ಎಂದು ಆಗ ಕೇಳಬಹುದು. ಇದು ತರುಣ ಸಂಶೋಧಕರಿಗೆ ಒಳ್ಳೆಯ ವಿಷಯ.

ಗಣಿತ ಮತ್ತು ಜೀವವಿಜ್ಞಾನ ಹೇಗೆ ನೆರವಾಗುತ್ತವೆ ಎಂದು ಹೇಳಿದ್ದಾಯಿತು. ಈಗ ಇನ್ನೊಂದು ಮುಖ್ಯ ವಿಷಯ. ಹೊಸ ಶಾಸ್ತ್ರ ಬಂದಾಗ ಹಳೆಯ ಆಕರದಲ್ಲಿ ಹೊಸ ಮನುಷ್ಯರು ಕಾಣುತ್ತಾರೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ದೇಕಬ್ಬೆ ಎಂಬ ಹೆಂಗಸಿನ ಕಥೆ ಅದು. ಅವಳ ಗಂಡ ಕುಸ್ತಿಯಲ್ಲಿ ತನ್ನ ದಾಯಾದಿಯನ್ನು ಕೊಂದ. ಅರಸ ಅವನಿಗೆ ಮರಣದಂಡನೆ ಕೊಟ್ಟ. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ತಂದೆತಾಯಿ ತಡೆದರು. ಅವಳು ಕೇಳಲಿಲ್ಲ. ದಾನ ಕೊಟ್ಟು ಬೆಂಕಿ ಹೊಕ್ಕಳು. ಶಾಸನ ಸೊಗಸಾದ ಪದ್ಯಗಳಲ್ಲಿದೆ. ಸಾಹಿತ್ಯದ ವಿದ್ಯಾರ್ಥಿಗಳು ಅದರ ಕಾವ್ಯಗುಣವನ್ನು ಬಹುಕಾಲದಿಂದ ಮೆಚ್ಚುತ್ತ ಬಂದಿದ್ದಾರೆ. ಆ ಮೆಚ್ಚುಗೆ ನ್ಯಾಯವಾದದ್ದೇ.

ಆದರೆ ಅಲ್ಲಿಗೇ ನಿಲ್ಲಬಾರದು. ಕಾನೂನಿನ ಚರಿತ್ರೆ ಬಲ್ಲವರು ಕೇಳಬೇಕು. ಕುಸ್ತಿಯಲ್ಲಿ ಆದ ಸಾವಿಗೆ ಮರಣದಂಡನೆ ಕೊಡುವ ನ್ಯಾಯ ಯಾವುದು? ಮಹಿಳಾ ಅಧ್ಯಯನದವರು ಕೇಳಬೇಕು. ತಡೆದವರ ಮಾತು ಪದ್ಯದಲ್ಲಿ ಏಕೆ ಉಳಿಯಿತು? ಹೆಣ್ಣಿನ ಸಾವನ್ನು ಇಷ್ಟು ಸುಂದರವಾಗಿ ಹಾಡಿದ್ದರಿಂದ ಮುಂದಿನ ಹೆಣ್ಣುಮಕ್ಕಳ ಮೇಲೆ ಯಾವ ಒತ್ತಡ ಬಿತ್ತು? ಹೀಗೆ ಸತಿಯಾದ ಹೆಂಗಸರ ನೆನಪಿಗೆ ನಿಲ್ಲಿಸಿದ ನಮ್ಮ ಊರುಗಳ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಒಂದು ತೋಳು ಮೇಲೆತ್ತಿ ನಿಂತಿರುತ್ತದೆ. ಆ ತೋಳಿನ ಹಿಂದಿದ್ದ ಹೆಂಗಸಿನ ಮನಸ್ಸನ್ನು ಕೇಳುವ ಶಾಸ್ತ್ರ ನಮ್ಮಲ್ಲಿ ತಡವಾಗಿ ಬಂತು. ಬಂದ ಮೇಲೆ ಶಾಸನದ ಓದು ಮೊದಲಿನಂತೆ ಉಳಿಯಲಿಲ್ಲ. ಉಳಿಯಲೂಬಾರದು.

ಹೀಗೆ ಹೇಳಿದಾಗ ಒಂದು ಆಕ್ಷೇಪ ಬರುತ್ತದೆ. ಎಲ್ಲವನ್ನೂ ಓದಲು ಹೋದವರು ಯಾವುದನ್ನೂ ಆಳವಾಗಿ ಓದುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ನಾಲ್ಕು ಶಾಸ್ತ್ರಗಳ ಪಾರಿಭಾಷಿಕ ಪದಗಳನ್ನು ಜೋಡಿಸಿದ ಮಾತ್ರಕ್ಕೆ ಸಂಶೋಧನೆಯಾಗದು. ಲಿಪಿ ಓದಲು ಬಾರದವರು ಬೇರೆಯವರ ಅನುವಾದ ನಂಬಿ ಸಿದ್ಧಾಂತ ಕಟ್ಟಿದರೆ ಅದು ನಿಲ್ಲದು. ಕ್ಷೇತ್ರಕಾರ್ಯ ಮಾಡದೆ ಜನರ ನಂಬಿಕೆಯ ಬಗ್ಗೆ ತೀರ್ಪು ಕೊಟ್ಟರೆ ಅದೂ ನಿಲ್ಲದು.

ನಾವು ಕಂಡ ವಿದ್ವಾಂಸರನ್ನೇ ಮತ್ತೆ ನೋಡಿ. ಚಿದಾನಂದಮೂರ್ತಿಯವರಿಗೆ ಹಳಗನ್ನಡ ಕರತಲಾಮಲಕ. ಶೆಟ್ಟರ್ ಚರಿತ್ರೆಯ ಶಿಸ್ತಿನಲ್ಲಿ ಪಳಗಿದವರು. ಕೋಸಂಬಿ ಮೊದಲು ಗಣಿತಜ್ಞ. ಪ್ರತಿಯೊಬ್ಬರಿಗೂ ಒಂದು ಗಟ್ಟಿಯಾದ ತವರುಮನೆ ಇತ್ತು. ಅಲ್ಲಿ ಕಲಿತ ಕಟ್ಟುನಿಟ್ಟನ್ನು ಹೊತ್ತುಕೊಂಡೇ ಅವರು ಬೇರೆ ಮನೆಗೆ ಹೋದರು. ಹೋದ ಮನೆಯ ರೀತಿನೀತಿಯನ್ನೂ ಮರ್ಯಾದೆಯಿಂದ ಕಲಿತರು. ಆದ್ದರಿಂದ ನನ್ನ ತೀರ್ಮಾನ ಇದು. ಒಂದು ಶಾಸ್ತ್ರವನ್ನು ಆಳವಾಗಿ ಕಲಿಯಬೇಕು. ಎರಡನೆಯದನ್ನು ಪ್ರಾಮಾಣಿಕವಾಗಿ ಕಲಿಯಬೇಕು. ಮೂರನೆಯದು ಬೇಕಾದಾಗ ಅದನ್ನು ಬಲ್ಲವರನ್ನು ಕೇಳಬೇಕು.

ಬಲ್ಲವರನ್ನು ಕೇಳುವುದು ಇಂದು ಹಿಂದಿಗಿಂತ ಸುಲಭ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಗೆತದ ವೇಳೆ ಒಂದು ವೀರಗಲ್ಲು ಬೆಳಕಿಗೆ ಬಂತು. ಕಿತ್ತಯ್ಯ ಎಂಬ ವೀರನದು. ಗಂಗರ ಶ್ರೀಪುರುಷನ ಕಾಲ, ಅಂದರೆ ಸುಮಾರು 750. ಶಾಸನತಜ್ಞರು ಬರಹ ಓದಿದರು. ಊರಿನವರು ಮುಂದೆ ಬಂದು ಅದಕ್ಕೊಂದು ಮಂಟಪ ಕಟ್ಟಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರ ಕಂಪ್ಯೂಟರಿನ ಪರದೆಯ ಮೇಲೆ ಸ್ಪಷ್ಟವಾಗುತ್ತದೆ. ಎಂಜಿನಿಯರು ಅಕ್ಷರವನ್ನು ಕಾಣಿಸುತ್ತಾರೆ. ಅದನ್ನು ಓದುವವರು ಹಳಗನ್ನಡ ಬಲ್ಲವರೇ ಆಗಬೇಕು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಮುಂದೆ ಸಾಗದು.

ಇನ್ನು ಮುಗಿಸುವ ಮಾತು. ಒಂದು ಕಲ್ಲಿಗೆ ಹಲವು ಶಾಸ್ತ್ರಗಳು ಬೇಕು ಎಂದು ಕಂಡೆವು. ಅದನ್ನು ಮಾಡಿ ತೋರಿಸಿದ ವಿದ್ವಾಂಸರನ್ನು ಕಂಡೆವು. ಅವರ ಬಲ ಯಾವುದು ಎಂದೂ ಕಂಡೆವು. ಉಳಿದಿರುವುದು ನಮ್ಮ ಕರ್ತವ್ಯ.

ವಿಶ್ವವಿದ್ಯಾಲಯಗಳಲ್ಲಿ ಒಂದು ಮನವಿ. ಕನ್ನಡ ವಿಭಾಗದ ವಿದ್ಯಾರ್ಥಿಗೆ ಚರಿತ್ರೆ ಅಥವಾ ಭೂಗೋಳ ವಿಭಾಗದ ಸಹಮಾರ್ಗದರ್ಶಕರು ಸಿಗುವಂತೆ ಮಾಡಿ. ಇಬ್ಬರು ವಿದ್ವಾಂಸರು ಸೇರಿ ಮಾಡಿದ ಕೆಲಸಕ್ಕೆ ಪೂರ್ತಿ ಮನ್ನಣೆ ಕೊಡಿ. ಹಳಗನ್ನಡ ಮತ್ತು ಲಿಪಿಶಾಸ್ತ್ರದ ತರಗತಿಗೆ ಯಾವ ವಿಭಾಗದವರು ಬಂದರೂ ಬಾಗಿಲು ತೆರೆದಿಡಿ.

ತರುಣ ಸಂಶೋಧಕರಲ್ಲಿ ಒಂದು ಮಾತು. ವಿಷಯ ಆರಿಸುವಾಗ ನಿಮ್ಮ ವಿಭಾಗ ಯಾವುದು ಎಂದು ಮೊದಲು ಯೋಚಿಸಬೇಡಿ. ನಿಮಗೆ ನಿಜವಾಗಿ ತಿಳಿಯಬೇಕೆನಿಸುವ ಪ್ರಶ್ನೆ ಯಾವುದು ಎಂದು ಯೋಚಿಸಿ. ಆ ಪ್ರಶ್ನೆ ಬೇಡುವುದನ್ನು ಕಲಿಯಿರಿ.

ಕೇಳುಗ ಬಂಧುಗಳೆ, ಕೊನೆಯ ಮನವಿ ನಿಮ್ಮಲ್ಲಿ. ನಿಮ್ಮ ಊರಿನಲ್ಲಿ ವೀರಗಲ್ಲೋ ಮಾಸ್ತಿಕಲ್ಲೋ ಇದ್ದರೆ ಅದನ್ನು ರಸ್ತೆಗೆ, ಪಾಯಕ್ಕೆ ಹೋಗಲು ಬಿಡಬೇಡಿ. ಅದರ ಬಗ್ಗೆ ಹಿರಿಯರು ಹೇಳುವ ಕಥೆಯನ್ನು ಬರೆದಿಡಿ. ಹತ್ತಿರದ ಕಾಲೇಜಿನ ಅಧ್ಯಾಪಕರಿಗೆ ತಿಳಿಸಿ. ಕಲ್ಲು ಹೋದರೆ ಅದರ ಜೊತೆಗೆ ಹಲವು ಶಾಸ್ತ್ರಗಳ ಆಕರ ಒಮ್ಮೆಗೇ ಹೋಗುತ್ತದೆ. ಅದನ್ನು ಉಳಿಸುವ ಮೊದಲ ಕೆಲಸ ಊರಿನವರಿಂದಲೇ ಆಗಬೇಕು.